ಟರ್ಬೊ ಡೈರೆಕ್ಟ್ ಇಂಜೆಕ್ಷನ್ ಎಂಜಿನ್: ಆಯಿಲ್ ಕ್ಯಾಚ್ ಕ್ಯಾನ್ ಯಾವ ಹೋಸ್‌ಗೆ?

ಪ್ರಶ್ನೆ: ಪಿಸಿವಿ ವಾಲ್ವ್‌ನಿಂದ (ಎಂಜಿನ್ ಒಳಗಿನ ಹಬೆ ಹೊರಬಿಡೋ ವಾಲ್ವ್) ಇಂಟೇಕ್ ಮ್ಯಾನಿಫೋಲ್ಡ್‌ಗೆ ಒಂದು ಹೋಸ್, ಹೆಡ್ ಕವರ್‌ನಿಂದ ಟರ್ಬೊ ಇನ್‌ಲೆಟ್‌ಗೆ ಇನ್ನೊಂದು. ಹಬೆಯಲ್ಲಿನ ಆಯಿಲ್ ಹಿಡಿದಿಡೋ ಕ್ಯಾನ್ ಇರೋದು ಒಂದೇ. ಎಲ್ಲಿ ಕೂರಿಸಲಿ?

ಉತ್ತರ 1: ಪಿಸಿವಿ ಕಡೆ. ಐಡಲ್‌ನಲ್ಲಿ, ನಿಧಾನಕ್ಕೆ ಓಡುವಾಗ ಆಯಿಲ್ ಹಬೆ ಎಳೆಯೋದು ಅಲ್ಲಿಂದಲೇ. ಪೆಟ್ರೋಲ್ ನೇರ ಸಿಲಿಂಡರ್‌ಗೆ ಬೀಳೋದರಿಂದ ಇಂಟೇಕ್ ವಾಲ್ವ್ ತೊಳೆಯೋಕೆ ಏನೂ ಇಲ್ಲ, ಆ ಹಬೆಯ ಮಸಿ ಗಟ್ಟಿ ಕಟ್ಟುತ್ತೆ. ಬೂಸ್ಟ್ (ಟರ್ಬೊ ಒತ್ತಡ) ಬಂದಾಗ ಪಿಸಿವಿ ಮುಚ್ಚಿ ಹಬೆ ಟರ್ಬೊ ಕಡೆ ತಿರುಗುತ್ತೆ. ಸದಾ ಜೋರಾಗಿ ಓಡಿಸೋದಾದ್ರೆ ಅಲ್ಲೂ ಒಂದು ಬೇಕು.

ಉತ್ತರ 2: ಒಳಗೆ ಬ್ಯಾಫಲ್ (ಹಬೆಗೆ ಅಡ್ಡ ನಿಲ್ಲೋ ತಡೆ) ಇಲ್ಲದ ಕ್ಯಾನ್ ಬರೀ ಡಬ್ಬಿ, ದುಡ್ಡು ದಂಡ. ಹೋಸ್ ಆಯಿಲ್ ತಡೆಯುವಂಥದ್ದೇ ಇರಲಿ, ಒಳವ್ಯಾಸ ಮೂಲ ಹೋಸ್‌ಗಿಂತ ಕಮ್ಮಿ ಬೇಡ. ಕೂಲಂಟ್ ಹೋಸ್ ಹಾಕಿದರೆ ರಬ್ಬರ್ ಮೆತ್ತಗಾಗಿ ಉಬ್ಬುತ್ತೆ, ವ್ಯಾಕ್ಯೂಮ್‌ಗೆ ಚಪ್ಪಟೆಯಾಗಿ ಅಂಟುತ್ತೆ. ಆಗ ಹಬೆ ಹೋಗೋಕೆ ದಾರಿ ಇಲ್ಲದೆ ಕ್ರ್ಯಾಂಕ್‌ಕೇಸ್ (ಎಂಜಿನ್‌ನ ಕೆಳಭಾಗ) ಒತ್ತಡ ಏರಿ ಸೀಲ್ ಸೋರುತ್ತೆ. ಕ್ಯಾನ್ ಟರ್ಬೊ ಬಿಸಿಯಿಂದ ದೂರ ಇರಲಿ: ತಣ್ಣಗಿದ್ದಷ್ಟೂ ಹಬೆ ಚೆನ್ನಾಗಿ ಹನಿಗಟ್ಟುತ್ತೆ.

ಉತ್ತರ 3: ಔಟ್‌ಲೆಟ್ ಹೊರಗಾಳಿಗೆ ಬಿಟ್ಟು ಮ್ಯಾನಿಫೋಲ್ಡ್ ತೂತು ತೆರೆದಿಟ್ಟರೆ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗಿ ಚೆಕ್ ಎಂಜಿನ್ ಲೈಟ್ ಹತ್ತುತ್ತೆ. ಮೊದಲ ಸಲ 1,000 ಕಿ.ಮೀ.ಗೇ ಬಿಚ್ಚಿ ನೋಡಿ. ಚಳಿಗಾಲದಲ್ಲಿ ತಿಳಿಕಂದು ಕೆನೆಯಂಥದ್ದು ಸಿಕ್ಕರೆ ಗಾಬರಿ ಬೇಡ, ನೀರು ಬೆರೆತಿರುತ್ತೆ. ಅದನ್ನ ವಾಪಸ್ ಎಂಜಿನ್‌ಗೆ ಮಾತ್ರ ಸುರೀಬೇಡಿ. ಈಗಾಗಲೇ ಕಟ್ಟಿರೋ ಮಸಿ ಕ್ಯಾನ್‌ನಿಂದ ಹೋಗಲ್ಲ, ಅದಕ್ಕೆ ವಾಲ್‌ನಟ್ ಬ್ಲಾಸ್ಟಿಂಗ್ (ಅಕ್ರೋಟ್ ಚಿಪ್ಪಿನ ಪುಡಿ ಗಾಳಿಯಲ್ಲಿ ರಭಸವಾಗಿ ಊದಿ ಉಜ್ಜೋದು) ಥರದ ಶುಚಿ ಬೇಕು.