ಬೇಸಿಗೆಯ ತರಕಾರಿ ಹಿತ್ತಲು, ಅರ್ಧಕ್ಕೆ ನಿಂತ ಲೇಸ್ ಶಾಲು

ಪ್ರಶ್ನೆ: ಹಿತ್ತಲಮನೆ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮದು ಅಡಿಕೆ ತೋಟದ ಮನೆ. ಕೊನೆ ಕೊಯ್ಲು, ಸುಲಿಯುವುದು, ಬೇಯಿಸಿ ಒಣಗಿಸುವುದು ಎಲ್ಲವೂ ಮುಗಿದ ಮೇಲೆ, ಪ್ರತಿ ವರ್ಷ ಫೆಬ್ರವರಿಯ ಮೊದಲ ವಾರದಲ್ಲಿ ಬಾವಿಯ ಪಕ್ಕದ ಹಿತ್ತಲನ್ನು ಅಗೆದು, ಪಾತಿ ಮಾಡಿ, ಬೆಂಡೆ, ಸೌತೆ, ಹೀರೆ, ಅಲಸಂದೆ, ಹರಿವೆ ಹಾಕುತ್ತೇನೆ. ಮದುವೆಯಾಗಿ ಈ ಮನೆಗೆ ಬಂದಾಗ ಬೀಜವನ್ನು ಎಷ್ಟು ಆಳಕ್ಕೆ ಊರಬೇಕೆಂಬುದೂ ನನಗೆ ತಿಳಿದಿರಲಿಲ್ಲ; ಕಲಿಸಿದವರು ಅತ್ತೆಯವರು. ಬರುವ ಮಾರ್ಗಶಿರದಲ್ಲಿ ಅತ್ತೆ ಮಾವನವರಿಗೆ ಸಹಸ್ರಚಂದ್ರ ಶಾಂತಿ ಮಾಡಿಸಬೇಕೆಂದಿದ್ದೇವೆ. ಆ ದಿನ ಅತ್ತೆಯವರಿಗೆ ನಾನೇ ಹೆಣೆದ ಉಣ್ಣೆಯ ಲೇಸ್ ಶಾಲನ್ನು ಹೊದಿಸಬೇಕೆಂಬ ಆಸೆಯಿಂದ ಸಂಕ್ರಾಂತಿಯ ಮರುದಿನವೇ ಕಡ್ಡಿ ಹಿಡಿದೆ.

ಫೆಬ್ರವರಿ ಮುಗಿಯುವವರೆಗೆ ಕೆಲಸ ಚೆನ್ನಾಗಿಯೇ ಸಾಗಿತು. ಈಗ ಎರಡೂ ಒಂದಕ್ಕೊಂದು ಅಡ್ಡ ಬರುತ್ತಿವೆ. ನಮ್ಮಲ್ಲಿ ಪಂಪಿಗೆ ಬೇಕಾದ ತ್ರೀ-ಫೇಸ್ ಕರೆಂಟ್ ಬರುವ ಹೊತ್ತಿಗೆ ಲೆಕ್ಕವಿಲ್ಲ. ಬಂದಾಗ ಕೈಯಲ್ಲಿರುವುದನ್ನು ಹಾಗೆಯೇ ಬಿಟ್ಟು ಓಡಬೇಕು. ಮೂರು ವಾರದ ಹಿಂದೆ ಹೀಗೆ ಸಾಲಿನ ನಡುವೆ ಎದ್ದು ಹೋಗಿ, ನೀರು ಬಿಟ್ಟು ಬಂದು, ಹೆಣಿಗೆಯನ್ನು ಮುಂದುವರಿಸಿದೆ. ಆರು ಸಾಲು ಆದ ಮೇಲೆ ನೋಡಿದರೆ, ದಾರ ಸುತ್ತಿ ಮಾಡಬೇಕಾದ ಒಂದು ಕುಣಿಕೆಯನ್ನೇ ಬಿಟ್ಟಿದ್ದೆ. ಬಿಚ್ಚಲು ಹೋದಾಗ ಕುಣಿಕೆಗಳು ಇಳಿದು, ಕೊನೆಗೆ ಹದಿನಾಲ್ಕು ಸಾಲು ಹೋಯಿತು. ಅದನ್ನು ಸರಿಪಡಿಸುತ್ತ ಕುಳಿತ ನಾಲ್ಕು ದಿನ ಹಿತ್ತಲಿನ ಕಡೆ ಗಮನ ಕೊಡಲಿಲ್ಲ. ಬೆಂಡೆಯೆಲ್ಲ ಬಲಿತು ನಾರಾಗಿ ದನಕ್ಕೆ ಹಾಕಬೇಕಾಯಿತು.

ಇದಲ್ಲದೆ, ಮಣ್ಣಿನ ಕೆಲಸದಿಂದ ಬೆರಳು ಒರಟಾಗಿ ನವಿರಾದ ಉಣ್ಣೆಯ ಎಳೆ ಸಿಕ್ಕಿಹಾಕಿಕೊಳ್ಳುತ್ತದೆ. ಹಿತ್ತಲನ್ನು ಬಿಡುವುದು ನನ್ನಿಂದಾಗದು, ಶಾಲನ್ನು ಬಿಡಲು ಮನಸ್ಸಿಲ್ಲ. ಎರಡನ್ನೂ ನಡೆಸಿಕೊಂಡು ಹೋಗುತ್ತಿರುವವರು ದಯವಿಟ್ಟು ನಿಮ್ಮ ಕ್ರಮವನ್ನು ತಿಳಿಸಬೇಕು.

ಉತ್ತರ: ವರದಾತೀರ, ಸಾಗರ

ಅಕ್ಕ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ನಾನೂ ಇಪ್ಪತ್ತು ವರ್ಷದಿಂದ ಎರಡನ್ನೂ ಮಾಡುತ್ತ ಬಂದಿದ್ದೇನೆ, ಹದಿನಾಲ್ಕು ಸಾಲು ಬಿಚ್ಚಿದವರ ಸಂಕಟ ನನಗೆ ಗೊತ್ತು. ನಿಮಗೆ ಹೊತ್ತು ಸಾಲದೆ ಹೀಗಾಗಿದೆ ಎಂದು ನನಗೆ ಅನ್ನಿಸುವುದಿಲ್ಲ. ಕಾಯಲು ಒಪ್ಪದ ಎರಡು ಕೆಲಸಗಳನ್ನು ಒಂದೇ ಋತುವಿನಲ್ಲಿ ಎದುರುಬದುರಾಗಿ ಇಟ್ಟುಕೊಂಡಿದ್ದೀರಿ. ಬೆಂಡೆ ಕಾಯುವುದಿಲ್ಲ, ಹೂ ಬಿಟ್ಟು ಐದಾರು ದಿನಕ್ಕೆ ಕೊಯ್ಯಲೇಬೇಕು. ಪ್ರತಿ ಸಾಲಿನಲ್ಲೂ ವಿನ್ಯಾಸವಿರುವ ಲೇಸ್ ಕೂಡ ಹಾಗೆಯೇ, ಅರ್ಧಕ್ಕೆ ಬಿಟ್ಟು ಎದ್ದರೆ ಎಣಿಕೆ ತಪ್ಪುತ್ತದೆ. ನಿಮ್ಮ ಶಾಲು ಅಂಥದ್ದೇ ಇರಬೇಕೆಂದು ಆರು ಸಾಲು ಕಳೆದ ಮೇಲೆ ತಪ್ಪು ಕಂಡದ್ದರಿಂದ ಊಹಿಸುತ್ತೇನೆ.

ಲೇಸ್ ಹೆಣಿಗೆಯಲ್ಲಿ ಎರಡು ಬಗೆ. ಒಂದರಲ್ಲಿ ಒಂದು ಸಾಲು ವಿನ್ಯಾಸ, ಮರಳಿ ಬರುವ ಸಾಲು ವಿನ್ಯಾಸವಿಲ್ಲದ ಬರೀ ಉಲ್ಟಾ ಹೆಣಿಗೆ; ಆ ಉಲ್ಟಾ ಸಾಲಿನಲ್ಲಿ ಕುಣಿಕೆಗಳನ್ನು ಎಣಿಸುತ್ತ ಬಂದರೆ ಹಿಂದಿನ ಸಾಲಿನ ತಪ್ಪು ಅಲ್ಲಿಯೇ ಸಿಗುತ್ತದೆ. ಇನ್ನೊಂದರಲ್ಲಿ ಹೋಗುವ ಸಾಲಿಗೂ ಬರುವ ಸಾಲಿಗೂ ವಿನ್ಯಾಸವಿರುತ್ತದೆ. ಅಲ್ಲಿ ಕೈಗೂ ಕಣ್ಣಿಗೂ ವಿಶ್ರಾಂತಿಯಿಲ್ಲ. ಎರಡನೆಯ ಬಗೆಯನ್ನು ನಾನು ಬೇಸಿಗೆಯಲ್ಲಿ ಮುಟ್ಟುವುದೇ ಇಲ್ಲ.

ಆದ್ದರಿಂದ ನನ್ನ ಸಲಹೆಯೇನೆಂದರೆ, ಶಾಲಿನ ಈಗಿನ ಸಾಲನ್ನು ಮುಗಿಸಿ, ಬೇರೆ ಬಣ್ಣದ ನುಣುಪಾದ ಹತ್ತಿಯ ದಾರವನ್ನು ದಬ್ಬಳಕ್ಕೆ ಪೋಣಿಸಿ, ಕಡ್ಡಿಯ ಮೇಲಿರುವ ಅಷ್ಟೂ ಕುಣಿಕೆಗಳ ಒಳಗಿಂದ ಎಳೆದುಬಿಡಿ. ಇದಕ್ಕೆ ಲೈಫ್‌ಲೈನ್ ಎನ್ನುತ್ತಾರೆ. ಗುರುತಿಗೆ ಹಾಕಿದ ರಿಂಗುಗಳ ಒಳಗಿಂದ ಮಾತ್ರ ದಾರ ಹೋಗಬಾರದು. ಹೋದರೆ ರಿಂಗುಗಳು ಅಲ್ಲಿಯೇ ಸಿಕ್ಕಿಕೊಳ್ಳುತ್ತವೆ. ಮುಂದೆ ಎಲ್ಲಿ ತಪ್ಪಿದರೂ ಬಿಚ್ಚಿದ್ದು ಈ ದಾರಕ್ಕೆ ಬಂದು ನಿಲ್ಲುತ್ತದೆ, ಅದರ ಕೆಳಗೆ ಇಳಿಯುವುದಿಲ್ಲ. ಆಮೇಲೆ ಶಾಲನ್ನು ಶುಭ್ರವಾದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಚಾರ್ಟಿನಲ್ಲಿ ನಿಂತ ಸಾಲಿಗೆ ಪೆನ್ಸಿಲಿನಿಂದ ಗುರುತು ಹಾಕಿ, ಜೂನಿನವರೆಗೆ ಎತ್ತಿಡಿ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿಲಿಮೀಟರಿಗಿಂತ ಹೆಚ್ಚು. ನಿಮ್ಮ ಊರು ಆ ಕಡೆಗೆ ಇದ್ದರೆ ಆರಿದ್ರಾ ಮಳೆ ಹಿಡಿದ ಮೇಲೆ ಹಿತ್ತಲಿನಲ್ಲಿ ಮಾಡುವ ಕೆಲಸವಾದರೂ ಏನು? ಜೂನಿನಿಂದ ಸೆಪ್ಟೆಂಬರಿನವರೆಗೆ ಜಗಲಿಯಲ್ಲಿ ಕುಳಿತು ಹೆಣೆಯಲು ನಾಲ್ಕು ತಿಂಗಳು ಸಿಗುತ್ತದೆ. ಮಾರ್ಗಶಿರಕ್ಕೆ ಅದು ಸಾಕು.

ಬೇಸಿಗೆಯಲ್ಲಿ ಕೈ ಸುಮ್ಮನಿರದಿದ್ದರೆ ಫೆದರ್ ಅಂಡ್ ಫ್ಯಾನ್ ವಿನ್ಯಾಸದಲ್ಲಿ ಏನಾದರೂ ಚಿಕ್ಕದನ್ನು ಹಾಕಿಕೊಳ್ಳಿ. ಹದಿನೆಂಟು ಕುಣಿಕೆಗಳಿಗೊಮ್ಮೆ, ನಾಲ್ಕು ಸಾಲಿಗೊಮ್ಮೆ ಅದು ಮರುಕಳಿಸುತ್ತದೆ. ಆ ನಾಲ್ಕರಲ್ಲಿ ಒಂದೇ ಒಂದು ಸಾಲು ಲೇಸ್, ಉಳಿದ ಮೂರು ಸಾದಾ. ಆರು ಸಲ ಎರಡೆರಡು ಕುಣಿಕೆಗಳನ್ನು ಒಟ್ಟಿಗೆ ಹೆಣೆದು ಕಳೆದದ್ದನ್ನು ಆರು ಸಲ ದಾರ ಸುತ್ತಿ ಮರಳಿ ಪಡೆಯುವುದಷ್ಟೇ ಅದರ ಲೆಕ್ಕ. ಇದಕ್ಕೆ ತೀರ ಹತ್ತಿರದ ಅಲೆಯ ವಿನ್ಯಾಸ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳದ್ದು. ಅಲ್ಲಿಯ ರೈತರ ಮನೆಯ ಹೆಂಗಸರು ಉರುವಲನ್ನು ಬೆನ್ನಿನ ಬುಟ್ಟಿಯಲ್ಲಿ ಹೊತ್ತು ನಡೆಯುವಾಗಲೂ ಹೆಣೆಯುತ್ತಿದ್ದರು. ದುಡಿಮೆಯ ನಡುವೆ ಬೆಳೆದ ಕೈಗಾರಿಕೆ ಅದು. ಪಂಪಿನ ಕರೆಂಟ್ ಬಂದಿತೆಂದು ನೀವು ಎದ್ದು ಹೋದರೂ, ಮರಳಿ ಬಂದು ಕೆಳಗಿನ ಅಲೆಯನ್ನು ನೋಡಿದರೆ ಎಲ್ಲಿ ನಿಲ್ಲಿಸಿದ್ದೆಂದು ತಿಳಿಯುತ್ತದೆ.

ಉತ್ತರ: ನೂಲಿನುಂಡೆ, ಶಿವಮೊಗ್ಗ

ಸಾಗರದ ಅಕ್ಕನವರು ಹೇಳಿದ್ದು ಸರಿಯಾಗಿದೆ. ಒಂದು ಮಾತನ್ನು ಮಾತ್ರ ಸೇರಿಸುತ್ತೇನೆ: ಬೇಸಿಗೆಗೆ ಉಣ್ಣೆಯನ್ನೂ ಎರಡು ಕಡ್ಡಿಗಳನ್ನೂ ಪೂರ್ತಿ ಬಿಟ್ಟು ಕ್ರೋಶಾ ಹಿಡಿಯಬಹುದು. ಕಡ್ಡಿ ಹೆಣಿಗೆಯಲ್ಲಿ ಸಾಲಿನ ಅಷ್ಟೂ ಕುಣಿಕೆಗಳು ತೆರೆದೇ ಇರುತ್ತವೆ, ಕಡ್ಡಿ ಜಾರಿದರೆ ಎಲ್ಲವೂ ಇಳಿಯಬಹುದು. ಕ್ರೋಶಾದಲ್ಲಿ ತೆರೆದಿರುವುದು ಒಂದೇ ಕುಣಿಕೆ. ಅದನ್ನು ಸ್ವಲ್ಪ ಎಳೆದು ದೊಡ್ಡದು ಮಾಡಿ, ಒಂದು ಸೇಫ್ಟಿ ಪಿನ್ ಚುಚ್ಚಿಟ್ಟರೆ ಎಷ್ಟು ದಿನ ಬಿಟ್ಟರೂ ಬಿಚ್ಚುವುದಿಲ್ಲ. ನಮ್ಮ ಅಜ್ಜಿಯ ಕಾಲದ ತಟ್ಟೆ ಮುಚ್ಚುವ ಬಟ್ಟೆ, ದಿಂಬಿನ ಅಂಚು, ಬಾಗಿಲ ತೋರಣ ಎಲ್ಲವೂ ಹೀಗೆ ಕೆಲಸದ ನಡುವೆ ಕಾಲು ಗಂಟೆ, ಅರ್ಧ ಗಂಟೆ ಕೂಡಿಸಿಯೇ ಆದದ್ದು. 20ನೇ ನಂಬರಿನ ಹತ್ತಿಯ ದಾರ ಕಲಿಯುವ ಕೈಗೆ ಹಿಡಿತ ಕೊಡುತ್ತದೆ. ನಂಬರು ಹೆಚ್ಚಿದಷ್ಟೂ ದಾರ ತೆಳುವಾಗುತ್ತದೆ, 40ಕ್ಕೆ ಆಮೇಲೆ ಹೋಗಬಹುದು. ಬೆವರಿದ ಕೈಗೆ ಹತ್ತಿ ಉಣ್ಣೆಯಂತೆ ಅಂಟುವುದೂ ಇಲ್ಲ.

ಕೈ ಒರಟಾಗುವುದಕ್ಕೆ ನಾನು ಮಾಡುವ ಉಪಾಯ ಸರಳವಾದದ್ದು. ಒಂದು ಚಮಚ ಸಕ್ಕರೆಗೆ ಅರ್ಧ ಚಮಚ ತೆಂಗಿನೆಣ್ಣೆ ಬೆರೆಸಿ, ಬೆರಳ ತುದಿ ಮತ್ತು ಉಗುರಿನ ಸುತ್ತ ಎರಡು ನಿಮಿಷ ಉಜ್ಜಿ, ಕಡಲೆಹಿಟ್ಟಿನಿಂದ ತೊಳೆದು, ಪೂರ್ತಿ ಒರಸಿಕೊಳ್ಳಬೇಕು. ಎಣ್ಣೆಯ ಪಸೆ ಉಳಿದರೆ ಉಣ್ಣೆಗೆ ಕಲೆ ಹಿಡಿಯುತ್ತದೆ. ಬೆಂಡೆಯ ಸುಂಕಿನಿಂದ ಕೈ ತುರಿಸುತ್ತದೆ, ಆದ್ದರಿಂದ ಅದನ್ನು ಕೊಯ್ಯುವಾಗ ಕೈಗೆ ಹಳೆಯ ಬಟ್ಟೆಯ ಚೀಲವನ್ನಾದರೂ ಕಟ್ಟಿಕೊಳ್ಳಿ. ಇನ್ನೊಂದು: ನಿಮ್ಮದು ಉಕ್ಕಿನ ಕಡ್ಡಿಯಾಗಿದ್ದರೆ ಬಿದಿರಿನದಕ್ಕೆ ಬದಲಾಯಿಸಿ. ಬಿದಿರು ಕುಣಿಕೆಯನ್ನು ಹಿಡಿದಿಡುತ್ತದೆ, ಅವಸರದಲ್ಲಿ ಕೆಳಗಿಟ್ಟು ಓಡುವವರಿಗೆ ಅದೇ ಹಿತ.

ಉತ್ತರ: ಸೊಪ್ಪಿನಬೆಟ್ಟ, ಹೊಸನಗರ

ಹೆಣಿಗೆಯ ವಿಷಯದಲ್ಲಿ ನನಗೆ ಮಾತಿಲ್ಲ. ಅದು ನನ್ನ ಹೆಂಡತಿಯ ಕೆಲಸ. ಹಿತ್ತಲಿನ ಪಾಲನ್ನು ನಾನು ಹೇಳುತ್ತೇನೆ, ಏಕೆಂದರೆ ಆಕೆಗೆ ಮಧ್ಯಾಹ್ನ ಬಿಡುವು ಸಿಗಲೆಂದೇ ನಾವು ಹಿತ್ತಲಿನ ಕ್ರಮವನ್ನು ಬದಲಾಯಿಸಿಕೊಂಡೆವು.

ಮೊದಲನೆಯದಾಗಿ ನೀರು. ಪಾತಿಗಳ ಮೇಲೆ ಬೆಟ್ಟದ ದರಗನ್ನು (ಉದುರಿದ ಒಣ ಎಲೆಯನ್ನು) ನಾಲ್ಕು ಬೆರಳಿನಷ್ಟು ದಪ್ಪಕ್ಕೆ ಹೊದಿಸಿ. ನಮ್ಮಲ್ಲಿ ದಿನವೂ ಕೊಡುತ್ತಿದ್ದ ನೀರು ಇದರಿಂದ ದಿನ ಬಿಟ್ಟು ದಿನಕ್ಕೆ ಬಂದಿದೆ. ಗೆದ್ದಲು ಇರುವ ಜಾಗವಾದರೆ ದರಗು ಗಿಡದ ಬುಡಕ್ಕೆ ತಾಗದಂತೆ ಒಂದು ಗೇಣು ಬಿಡಿ. ಪಂಪಿಗೆ ಕರೆಂಟ್ ಬಂದಾಗ ನೇರವಾಗಿ ಗಿಡಕ್ಕೆ ಬಿಡಬೇಕೆಂಬ ಕಟ್ಟುಪಾಡೇಕೆ? ಎತ್ತರದಲ್ಲೊಂದು ಡ್ರಮ್ಮನ್ನೋ ಸಿಮೆಂಟಿನ ತೊಟ್ಟಿಯನ್ನೋ ಇಟ್ಟು ಅದಕ್ಕೆ ತುಂಬಿಸಿಕೊಂಡರೆ, ಬೆಳಿಗ್ಗೆ ನಿಮಗೆ ಬೇಕಾದ ಹೊತ್ತಿಗೆ ನಲ್ಲಿ ತಿರುಗಿಸಬಹುದು. ನೀವು ಹೆಣಿಗೆ ಬಿಟ್ಟು ಓಡುವುದು ಇದೊಂದರಿಂದಲೇ ಅರ್ಧದಷ್ಟು ಕಡಿಮೆಯಾದೀತು.

ಎರಡನೆಯದು ಹೂವಿನ ಹೊತ್ತು. ಸೌತೆ, ಕುಂಬಳದ ಹೂವು ಬೆಳಿಗ್ಗೆ ಅರಳುತ್ತದೆ, ಹೀರೆಯದು ಸಂಜೆ. ಜೇನು ಕಡಿಮೆಯಿದ್ದು ಮಿಡಿ ಹಳದಿಯಾಗಿ ಉದುರುತ್ತಿದ್ದರೆ, ಆಯಾ ಹೊತ್ತಿನಲ್ಲಿ ಗಂಡು ಹೂವನ್ನು ಕಿತ್ತು, ಹಿಂದೆ ಪುಟ್ಟ ಕಾಯಿ ಇರುವ ಹೆಣ್ಣು ಹೂವಿಗೆ ಮುಟ್ಟಿಸಬೇಕು. ಹತ್ತು ನಿಮಿಷದ ಕೆಲಸ, ಆದರೆ ಹೊತ್ತು ತಪ್ಪಿದರೆ ಫಲವಿಲ್ಲ. ಈ ಕಾರಣಕ್ಕೆ ಬೆಳಿಗ್ಗೆ ಒಂಬತ್ತರ ಒಳಗೆ ಮತ್ತು ಸಂಜೆ ಐದರ ನಂತರ ಹಿತ್ತಲಿಗೆ, ಊಟವಾದ ಮೇಲಿನ ಸುಡುಬಿಸಿಲಿನ ಹೊತ್ತು ಹೆಣಿಗೆಗೆ ಎಂದು ನಮ್ಮ ಮನೆಯಲ್ಲಿ ನಿಗದಿಯಾಗಿದೆ. ಸೌತೆ, ಹೀರೆಗಳಿಗೆ ಹಣ್ಣುನೊಣದ ಕಾಟವಿದ್ದರೆ ಕ್ಯೂ-ಲ್ಯೂರ್ ಎಂಬ ನೊಣ ಸೆಳೆಯುವ ಮದ್ದು ಹಾಕಿದ ಮೋಹಕ ಬಲೆಯನ್ನು ಚಪ್ಪರಕ್ಕೆ ತೂಗುಹಾಕಿ. ಅದಕ್ಕೆ ಬೀಳುವುದು ಗಂಡು ನೊಣ ಮಾತ್ರ, ಆದ್ದರಿಂದ ಚುಚ್ಚಿದ ಕಾಯಿಗಳನ್ನು ಆರಿಸಿ ನಾಶಮಾಡುವುದನ್ನೂ ಬಿಡಬಾರದು.

ಬೆಂಡೆಯ ವಿಷಯದಲ್ಲಿ ನೀವು ಒಮ್ಮೆಗೇ ಎಲ್ಲ ಬೀಜವನ್ನೂ ಊರಿದಂತೆ ತೋರುತ್ತದೆ. ಮುಂದಿನ ವರ್ಷ ಇಪ್ಪತ್ತು ದಿನಗಳ ಅಂತರದಲ್ಲಿ ಮೂರು ಕಂತಾಗಿ ಊರಿ. ಬಲಿತ ಕಾಯಿ ಗಿಡದಲ್ಲಿ ಉಳಿದಷ್ಟೂ ಹೊಸ ಕಾಯಿ ಬರುವುದು ನಿಧಾನವಾಗುತ್ತದೆ, ಆದ್ದರಿಂದ ತಿನ್ನಲು ಬಾರದಿದ್ದರೂ ಕೊಯ್ದು ತೆಗೆಯಿರಿ. ನಿಮ್ಮದು ಅರ್ಕಾ ಅನಾಮಿಕಾದಂಥ ತಳಿಯಾಗಿದ್ದು ಹೈಬ್ರಿಡ್ ಅಲ್ಲವೆಂದಾದರೆ, ನಾಲ್ಕಾರು ಒಳ್ಳೆಯ ಗಿಡಗಳನ್ನು ಬೀಜಕ್ಕೆಂದೇ ಬಿಡಬಹುದು. ಅಷ್ಟು ಗಿಡ ಕೊಯ್ಯುವ ಕೆಲಸವೂ ಕಡಿಮೆಯಾಗುತ್ತದೆ.

ಸಾಗರದವರು ಹೇಳಿದ ಕಾಯುವ, ಕಾಯದ ಮಾತು ನನಗೆ ಬಹಳ ಹಿಡಿಸಿತು. ಕಾಯುವ ತರಕಾರಿಗೂ ಹಿತ್ತಲಿನಲ್ಲಿ ಜಾಗ ಕೊಡಬೇಕು. ಮೊಗೆಕಾಯಿ (ಸಾಂಬಾರು ಸೌತೆ) ಹಾಕಿದರೆ ದಿನವೂ ಕೊಯ್ಯುವ ಗೋಜಿಲ್ಲ. ಮೇ ತಿಂಗಳಲ್ಲಿ ಬಲಿತದ್ದನ್ನು ತೊಟ್ಟು ಮುರಿಯದಂತೆ ಕೊಯ್ದು, ಬಾಳೆಪಟ್ಟೆಯಲ್ಲಿ ಕಟ್ಟಿ ಅಟ್ಟದ ಜಂತಿಗೆ ತೂಗುಹಾಕಿದರೆ ಮಳೆಗಾಲದ ಹುಳಿಗೆ ಅದೇ ಆಧಾರ. ಬಸಳೆ ಚಪ್ಪರವೂ ಒಂದು ವಾರ ನೋಡದಿದ್ದರೆ ಮುನಿಸಿಕೊಳ್ಳುವುದಿಲ್ಲ. ಅಲಸಂದೆ, ಹರಿವೆಗಳನ್ನು ಮನೆಗೆ ಬೇಕಾದಷ್ಟೇ ಹಾಕಿ.

ಹಿತ್ತಲಮನೆ, ತೀರ್ಥಹಳ್ಳಿ

ಮೂವರಿಗೂ ನನ್ನ ನಮಸ್ಕಾರಗಳು. ಸಾಗರದ ಅಕ್ಕನವರ ಊಹೆ ನಿಜ, ನನ್ನ ಶಾಲಿನ ವಿನ್ಯಾಸ ಪ್ರತಿ ಸಾಲಿನಲ್ಲೂ ಇದೆ. ನಿನ್ನೆ ಮಧ್ಯಾಹ್ನ ಒಂದು ಸಾಲನ್ನು ಪೂರ್ತಿ ಮುಗಿಸಿ ಕೆಂಪು ದಾರವನ್ನು ಹಾಯಿಸಿದೆ. ಎಲ್ಲ ಕುಣಿಕೆಗಳೂ ದಾರದ ಮೇಲೆ ಕುಳಿತದ್ದನ್ನು ನೋಡಿದಾಗ, ಎಷ್ಟೋ ದಿನದ ಮೇಲೆ ಮನಸ್ಸಿಗೆ ನೆಮ್ಮದಿಯಾಯಿತು. ಡ್ರಮ್ಮಿಗೆ ಯಜಮಾನರು ಒಪ್ಪಿದ್ದಾರೆ. ಬೆಂಡೆಯ ಒಂದು ಪಾತಿಯನ್ನು ಬೀಜಕ್ಕೆ ಬಿಟ್ಟೆ.

ಒಂದು ಸಂಶಯ ಉಳಿದಿದೆ. ಮಳೆಗಾಲದಲ್ಲಿ ಹೆಣೆದು ಮುಗಿಸಿದರೆ, ಶಾಲನ್ನು ನೆನೆಸಿ, ಪಿನ್ ಹಾಕಿ ಎಳೆದು ಒಣಗಿಸುವುದು ಹೇಗೆ? ನಮ್ಮಲ್ಲಿ ಜುಲೈಯಲ್ಲಿ ಒಂದು ಪಂಚೆ ಒಣಗಲು ಮೂರು ದಿನ ಬೇಕು. ಉಣ್ಣೆಗೆ ಮುಗ್ಗಲು ವಾಸನೆ ಬಂದರೆ ಅತ್ತೆಯವರಿಗೆ ಹೊದಿಸುವುದಾದರೂ ಹೇಗೆ?

ವರದಾತೀರ, ಸಾಗರ

ಮಳೆಗಾಲದಲ್ಲಿ ನೀರಿಗೆ ಹಾಕಲೇಬೇಡಿ, ಅಕ್ಕ. ಕೊನೆಯ ಅಂಚನ್ನು ಸಡಿಲವಾಗಿ ಮುಗಿಸಿ (ಅಂಚು ಬಿಗಿಯಾದರೆ ಆಮೇಲೆ ಎಷ್ಟು ಎಳೆದರೂ ವಿನ್ಯಾಸ ತೆರೆದುಕೊಳ್ಳುವುದಿಲ್ಲ), ಒಣಗಿದ ಶಾಲನ್ನು ಹಾಗೆಯೇ ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಣ ಬೇವಿನ ಎಲೆಯ ಜೊತೆ ಮುಚ್ಚಳವಿರುವ ಡಬ್ಬಿಯಲ್ಲಿಡಿ. ಬಿಸಿಲು ಕಂಡ ದಿನ ಹೊರಗೆ ತೆಗೆದು ಗಾಳಿಗೆ ಹಿಡಿಯಿರಿ. ತೊಳೆಯದ ಲೇಸ್ ಮುದುರಿದ ಚಿಂದಿಯಂತೆ ಕಾಣುತ್ತದೆ, ಅದನ್ನು ನೋಡಿ ಎದೆಗುಂದಬೇಡಿ. ಎಲ್ಲ ಲೇಸೂ ಮೊದಲು ಹಾಗೆಯೇ ಇರುತ್ತದೆ.

ದೀಪಾವಳಿ ಕಳೆದು ಒಣ ಗಾಳಿ ಬೀಸತೊಡಗಿದ ಮೇಲೆ ಅಂಟುವಾಳದ ಕಾಯಿಯನ್ನು ನೆನೆಸಿ ಕಿವುಚಿದ ತಣ್ಣೀರಿನಲ್ಲಿ ಶಾಲನ್ನು ಕಾಲು ಗಂಟೆ ಅದ್ದಿಡಿ. ಉಜ್ಜಬಾರದು, ಹಿಂಡಬಾರದು, ಬಿಸಿನೀರೂ ಉಜ್ಜುವುದೂ ಸೇರಿದರೆ ಉಣ್ಣೆ ಗಂಟುಗಟ್ಟಿ ಕುಗ್ಗುತ್ತದೆ. ಸ್ವಚ್ಛ ನೀರಿನಲ್ಲಿ ಮತ್ತೊಮ್ಮೆ ಅದ್ದಿ, ದಪ್ಪ ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿ ನೀರು ತೆಗೆಯಿರಿ. ಆಮೇಲೆ ಹಾಸಿಗೆಯ ಮೇಲೆ ಬಿಳಿಯ ಬಟ್ಟೆ ಹಾಸಿ, ಮೊದಲು ನಡುವಿನ ಗೆರೆ, ಆಮೇಲೆ ಮೂಲೆಗಳು, ಕೊನೆಗೆ ಅಂಚಿನ ಒಂದೊಂದು ತುದಿ ಎಂಬ ಕ್ರಮದಲ್ಲಿ ತುಕ್ಕು ಹಿಡಿಯದ ಪಿನ್ನುಗಳನ್ನು ಹಾಕುತ್ತ ಬನ್ನಿ. ನೆರಳಿನಲ್ಲಿಯೇ ಒಣಗಬೇಕು, ಬಿಸಿಲಿಗೆ ಬಣ್ಣ ಮಾಸುತ್ತದೆ. ಪೂರ್ತಿ ಒಣಗುವವರೆಗೆ, ಬೇಕಾದರೆ ಮರುದಿನದವರೆಗೂ, ಪಿನ್ ತೆಗೆಯಬೇಡಿ. ಆ ಕೋಣೆಯ ಬಾಗಿಲನ್ನು ಅತ್ತೆಯವರು ತೆರೆಯದಂತೆ ನೋಡಿಕೊಳ್ಳುವುದು ನಿಮಗೆ ಬಿಟ್ಟದ್ದು.