ಭದ್ರತಾ ಕ್ಯಾಮೆರಾಗಳಿಗೆ ಎಂತಹ ವೈಫೈ ಸಲಕರಣೆ ಸೂಕ್ತ?

ಪ್ರಶ್ನೆ: ಮನೆಯ ಹೊರಗೆ ಅಳವಡಿಸಿರುವ ನಾಲ್ಕು ವೈಫೈ ಕ್ಯಾಮೆರಾಗಳ ಪೈಕಿ ಗೇಟಿನ ಬಳಿಯದರ ದೃಶ್ಯ ಆಗಾಗ ನಿಂತುಹೋಗುತ್ತಿದೆ. ಹೆಚ್ಚು ವೇಗದ ರೂಟರ್ ಕೊಂಡರೆ ಸರಿಹೋಗುವುದೇ?

ಉತ್ತರ 1: ಇಲ್ಲಿ ವೇಗಕ್ಕಿಂತ ವ್ಯಾಪ್ತಿ ಮುಖ್ಯ. 1080ಪಿ (ಫುಲ್ ಎಚ್‌ಡಿ) ಕ್ಯಾಮೆರಾವೊಂದಕ್ಕೆ ಸಾಮಾನ್ಯವಾಗಿ 2ರಿಂದ 4 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ವೇಗ ಸಾಕಾಗುತ್ತದೆ. ವೈಫೈ ಬಳಸುವ ತರಂಗಪಟ್ಟಿಗಳ ಪೈಕಿ ಗೋಡೆಗಳನ್ನು ದಾಟುವಲ್ಲಿ 5 ಗಿಗಾಹರ್ಟ್ಸ್‌ಗಿಂತ 2.4 ಗಿಗಾಹರ್ಟ್ಸ್ ಮೇಲಾದ್ದರಿಂದ, ಅದರಲ್ಲಿ ಒಂದರೊಳಗೊಂದು ಬೆರೆಯದ ಉಪಭಾಗಗಳಾದ 1, 6, 11ನೇ ಚಾನೆಲ್‌ಗಳ ಪೈಕಿ ದಟ್ಟಣೆ ಕಡಿಮೆಯಿರುವುದನ್ನು ಆರಿಸಿ ಮೊದಲು ಪರೀಕ್ಷಿಸಿ.

ಉತ್ತರ 2: ಗೇಟಿನ ಬಳಿ ನಿಂತು ಮೊಬೈಲ್‌ನಲ್ಲಿ ವೈಫೈ ಸಿಗ್ನಲ್‌ನ ಬಲ ಅಳೆಯಿರಿ; ಅದನ್ನು ಡಿಬಿಎಂ ಎಂಬ ಮಾನದಲ್ಲಿ ಹೇಳುತ್ತಾರೆ, ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಸಿಗ್ನಲ್ ದುರ್ಬಲ. ಅದು ಮೈನಸ್ 70 ಡಿಬಿಎಂಗಿಂತ ದುರ್ಬಲವಾಗಿದ್ದರೆ, ಹೊರಾಂಗಣ ಆಕ್ಸೆಸ್ ಪಾಯಿಂಟ್ (ವೈಫೈ ಸಿಗ್ನಲ್ ಹೊಮ್ಮಿಸುವ ಸಾಧನ) ಒಂದನ್ನು ಈಥರ್ನೆಟ್ ಕೇಬಲ್ ಮೂಲಕ ರೂಟರ್‌ಗೆ ಜೋಡಿಸುವುದು ಲೇಸು. ಒಂದೇ ರೇಡಿಯೋದಲ್ಲಿ ಸಿಗ್ನಲ್ ಪಡೆದು ಮರುಪ್ರಸಾರ ಮಾಡುವ ಅಗ್ಗದ ಎಕ್ಸ್‌ಟೆಂಡರ್‌ಗಳಲ್ಲಿ ವೇಗ ಸುಮಾರು ಅರ್ಧಕ್ಕಿಳಿಯುವುದರಿಂದ, ನಾನಂತೂ ಅವನ್ನು ಶಿಫಾರಸು ಮಾಡಲಾರೆ.

ಉತ್ತರ 3: ಯಾವ ಸಲಕರಣೆ ಕೊಂಡರೂ ಕ್ಯಾಮೆರಾಗಳನ್ನು, ಮನೆಯ ಇತರ ಸಾಧನಗಳಿಂದ ಬೇರೆಯಾಗಿ, ಪ್ರತ್ಯೇಕ ಗೆಸ್ಟ್ ನೆಟ್‌ವರ್ಕ್‌ನಲ್ಲಿಡುವ ಸೌಲಭ್ಯ ಅದರಲ್ಲಿರಲಿ.