ಸಹಾಯ ಬೇಕು: ಕಲಬುರಗಿಯ ಅಂಧ ವಿದ್ಯಾರ್ಥಿಗಳಿಗೆ ಪರೀಕ್ಷಾ ಬರಹಗಾರರು

ಗುಂಪಿನ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಮಂದದೃಷ್ಟಿಯುಳ್ಳ ನಾನು ಕಲಬುರಗಿಯಲ್ಲಿ ಪದವಿ ಓದುವಾಗ ವಿಕಲಚೇತನ ವಿದ್ಯಾರ್ಥಿಗಳ ಬಳಗವನ್ನು ಮುನ್ನಡೆಸಿದ್ದೆ. ಈಗಲೂ ಆಳಂದ, ಜೇವರ್ಗಿ, ಅಫಜಲಪುರ ಕಡೆಯಿಂದ ಬರುವ ಕಿರಿಯರ ಜೊತೆಗಿದ್ದೇನೆ.

ಪರೀಕ್ಷೆ ಹತ್ತಿರವಾದಂತೆ ಅವರನ್ನು ಕಾಡುವುದು ಪಾಠವಲ್ಲ, ಹೇಳಿದ್ದನ್ನು ಹೇಳಿದಂತೆ ಬರೆದುಕೊಡುವವರು ಸಿಗದಿರುವುದು. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ 17ನೇ ಕಲಮು ಬರಹಗಾರರ ನೆರವನ್ನೂ ಹೆಚ್ಚುವರಿ ಸಮಯವನ್ನೂ ಒದಗಿಸಬೇಕೆನ್ನುತ್ತದೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಂತೆ ಗಂಟೆಗೆ ಕನಿಷ್ಠ 20 ನಿಮಿಷ, ಅಂದರೆ ಮೂರು ಗಂಟೆಯ ಪರೀಕ್ಷೆಗೆ ಇನ್ನೊಂದು ಗಂಟೆ ದೊರೆಯಬೇಕು. ಆದರೂ ಒಂದು ಕಾಲೇಜಿನಲ್ಲಿ, ಬರಹಗಾರರನ್ನು ನೀವೇ ಕರೆತನ್ನಿ ಎಂದು ಪರೀಕ್ಷೆಯ ಹಿಂದಿನ ಸಂಜೆ ಹೇಳಿದ್ದರಿಂದ, ಚೆನ್ನಾಗಿ ಓದಿಕೊಂಡಿದ್ದ ಹುಡುಗಿಯೊಬ್ಬಳು ಪರೀಕ್ಷೆಯನ್ನೇ ಬರೆಯಲಾಗಲಿಲ್ಲ. ಇದನ್ನು ಅನ್ಯಾಯವೆನ್ನದೆ ಬೇರೇನೂ ಎನ್ನಲಾರೆ.

ಸ್ವಂತವಾಗಿ ಕರೆತರುವ ಬರಹಗಾರರ ಓದು ಅಭ್ಯರ್ಥಿಗಿಂತ ಒಂದು ಹಂತ ಕೆಳಗಿರಬೇಕೆಂದು ಅದೇ 2018ರ ಮಾರ್ಗಸೂಚಿ ಹೇಳಿದ್ದರಿಂದ, ಪದವಿ ಪರೀಕ್ಷೆಗಳಿಗೆ ಪಿಯುಸಿ ಮುಗಿಸಿದ, ಕನ್ನಡವನ್ನು ಶುದ್ಧವಾಗಿ ಬರೆಯಬಲ್ಲ ಯುವಕ ಯುವತಿಯರು ಬೇಕಾಗಿದ್ದಾರೆ. ಉರ್ದು ಬಲ್ಲವರಿದ್ದರೆ ಇನ್ನೂ ಉಪಕಾರ. ನಿಮ್ಮ ಮನೆಯ ಮಕ್ಕಳಲ್ಲಿ, ನೆರೆಹೊರೆಯಲ್ಲಿ ಅಂಥವರಿದ್ದರೆ ದಯವಿಟ್ಟು ತಿಳಿಸಿ. ರಾಜ್ಯ ವಿಕಲಚೇತನರ ಆಯುಕ್ತರಿಗೆ ಸಲ್ಲಿಸಬೇಕಾದ ಮನವಿಯ ಕರಡನ್ನು ನೋಡಿಕೊಡಬಲ್ಲ ವಕೀಲರು ಅಥವಾ ನಿವೃತ್ತ ಉಪನ್ಯಾಸಕರು ಗುಂಪಿನಲ್ಲಿದ್ದರೆ, ಅವರೂ ನನಗೆ ಸಂದೇಶ ಕಳಿಸಬೇಕೆಂದು ಕೋರುತ್ತೇನೆ.